ಎರಡನೆಯ ಪಂಕ್ತಿ

ಶಾಲಾ ಕ್ರೀಡಾಕೂಟಗಳ ಏಣಿ ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದದ್ದು. ಮಾಗಡಿಯ ಕಡೆಯದೋ ಕನಕಪುರದ ಕಡೆಯದೋ ಒಂದು ಹಳ್ಳಿಶಾಲೆಯ ಕಬಡ್ಡಿ ತಂಡ ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕಿಗೆ ಹೋಗುತ್ತದೆ. ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆಗೆ ಬಂದು ರಾಮನಗರ, ಚನ್ನಪಟ್ಟಣಗಳ ಹುಡುಗರನ್ನು ಎದುರಿಸುತ್ತದೆ. ಅಲ್ಲಿಯೂ ಗೆದ್ದರೆ ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ. ‘ನಿಮ್ಮೂರಿನ ಅಂಕಣದ ಸುತ್ತ ಎಷ್ಟು ಜನ ಕೂರಬಹುದು?’ ಎಂದು ಆ ಹುಡುಗರನ್ನು ಯಾರೂ ಕೇಳುವುದಿಲ್ಲ. ಗೆದ್ದವನು ಮೇಲೇರುತ್ತಾನೆ, ಅಷ್ಟೆ. ಈ ಸರಳ ನ್ಯಾಯ ಇಂಗ್ಲೆಂಡಿನ ರಗ್ಬಿ ಆಟದ ಎರಡನೆಯ ಶ್ರೇಣಿಯಲ್ಲಿ ಹೇಗೆ ಸಿಕ್ಕುಗಟ್ಟಿತೆಂಬುದನ್ನು 2022-23ರ ಒಂದು ಋತುವನ್ನು ಹಿಡಿದು ವಿವರಿಸಬಯಸುತ್ತೇನೆ.

ಆಟವನ್ನು ಕಾಣದವರಿಗಾಗಿ ಎರಡು ಮಾತು. ತಂಡಕ್ಕೆ 15 ಮಂದಿ. ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ ನೀಳವಾದ ಚೆಂಡು. ಅದನ್ನು ಹಿಡಿದು ಓಡಬಹುದು, ಒದೆಯಬಹುದು. ಕೈಯಿಂದ ಮಾತ್ರ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಹಿಡಿಯಬಂದವರನ್ನು ಕೊಡವಿಕೊಂಡು ಹೋಗಿ ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ 5 ಅಂಕ. ಕಬಡ್ಡಿ ಬಲ್ಲವರಿಗೆ ಇದರ ರುಚಿ ಹತ್ತಲು ತಡವಾಗದು. ಈ ಸಾಧನೆಗೆ ‘ಟ್ರೈ’, ಎಂದರೆ ಪ್ರಯತ್ನ, ಎಂದು ಹೆಸರು. ಹಿಂದೆ ಚೆಂಡು ಊರಿದ್ದಕ್ಕೆ ಅಂಕವೇ ಇರಲಿಲ್ಲ. ಕಂಬಗಳ ನಡುವೆ ಒದೆಯಲು ಪ್ರಯತ್ನಿಸುವ ಹಕ್ಕಷ್ಟೇ ದೊರೆಯುತ್ತಿತ್ತು. ಭಾಷೆಯ ಮೇಷ್ಟರಾದ ನನಗೆ ಆಟಕ್ಕಿಂತ ಈ ಹೆಸರೇ ಹೆಚ್ಚು ಹಿಡಿಸಿತೆಂದರೆ ತಪ್ಪಲ್ಲ.

ಅಲ್ಲಿ ಶ್ರೇಣಿಗಳ ವ್ಯವಸ್ಥೆ ಬಂದದ್ದು 1987ರಲ್ಲಿ. 1995ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಸಮ್ಮತವಾಯಿತು. 2009ರಿಂದ ಎರಡನೆಯ ಶ್ರೇಣಿಗೆ ‘ಚಾಂಪಿಯನ್‌ಷಿಪ್’ ಎಂಬ ಹೆಸರು ಬಂತು. ಏಣಿ ಚೆನ್ನಾಗಿ ನಡೆದ ಕಾಲವೂ ಉಂಟು. 2007ರಲ್ಲಿ ಕೆಳಗಿಳಿದ ನಾರ್ಥಾಂಪ್ಟನ್ ತಂಡ ಮರುವರ್ಷ ಆಡಿದ 30 ಪಂದ್ಯಗಳಲ್ಲಿ 30ನ್ನೂ ಗೆದ್ದು ಮೇಲೆ ಹೋಯಿತು. ಎಕ್ಸಿಟರ್ ತಂಡ 2010ರಲ್ಲಿ ಮೇಲೇರಿ 2017ರಲ್ಲಿ ಇಡೀ ದೇಶದ ಚಾಂಪಿಯನ್ ಆಯಿತು.

ಈಗ ಜರ್ಸಿಯ ಕಥೆ. ಅದು ಫ್ರಾನ್ಸಿನ ಕರಾವಳಿಗೆ ಸಮೀಪದ ಒಂದು ಸಣ್ಣ ದ್ವೀಪ. ಪರಸ್ಥಳದ ಪ್ರತಿ ಪಂದ್ಯಕ್ಕೂ ಕಡಲು ದಾಟಬೇಕು. 2012ರಲ್ಲಿ ಎರಡನೆಯ ಶ್ರೇಣಿಗೆ ಬಂದ ‘ಜರ್ಸಿ ರೆಡ್ಸ್’ ತಂಡ 2022-23ರಲ್ಲಿ 12 ತಂಡಗಳ ನಡುವೆ ಮೊದಲ ಸ್ಥಾನ ಪಡೆಯಿತು. ಒಂದೊಂದು ತಂಡಕ್ಕೂ 22 ಪಂದ್ಯ. ಗೆದ್ದರೆ 4 ಅಂಕ, 4 ಟ್ರೈ ಗಳಿಸಿದರೆ ಇನ್ನೊಂದು. 7 ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಒಂದು. ಸೋಲಿಗೂ ಮರ್ಯಾದೆ ಕೊಡುವ ಈ ಲೆಕ್ಕ ನನಗೆ ಮೆಚ್ಚುಗೆಯೇ. ಆದರೆ ಮೊದಲಿಗರಾದ ಜರ್ಸಿಯವರು ಮೇಲೇರಲಿಲ್ಲ. ಮೇಲಿನ ಶ್ರೇಣಿಗೆ ಹೋಗಲು ಗೆಲುವು ಸಾಲದು. 10,001 ಜನ ಹಿಡಿಸುವ ಮೈದಾನ ಬೇಕೆಂಬ ಷರತ್ತು ಅಡ್ಡ ನಿಂತಿತ್ತು. 2023ರ ಸೆಪ್ಟೆಂಬರಿನಲ್ಲಿ ಅವರು ಮೇಲಿನ ಶ್ರೇಣಿಯ ಬಾತ್ ತಂಡವನ್ನೇ ಕಪ್ ಪಂದ್ಯವೊಂದರಲ್ಲಿ ಸೋಲಿಸಿದರು. ಅದೇ ತಿಂಗಳ 28ರಂದು, ಹಣ ಮುಗಿದು, ತಂಡ ಬಾಗಿಲು ಮುಚ್ಚಿತು. ವಸಂತದಲ್ಲಿ ಕಪ್ ಎತ್ತಿದ ಹುಡುಗರು ಎಲೆ ಉದುರುವ ಹೊತ್ತಿಗೆ ಕೆಲಸವಿಲ್ಲದವರಾದರು. ಆ ಋತುವನ್ನು ಉಳಿದ 11 ತಂಡಗಳು ಆಡಿ ಮುಗಿಸಿದವು.

ಇದಕ್ಕೆ ಕಾರಣ ಒಂದೇ ಅಲ್ಲ. 2020ರಲ್ಲಿ ರಗ್ಬಿ ಒಕ್ಕೂಟವು ಈ ಶ್ರೇಣಿಯ ಕ್ಲಬ್ಬುಗಳಿಗೆ ಕೊಡುತ್ತಿದ್ದ ಹಣವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. ಮೊದಲ ಪಂಕ್ತಿಗೆ ಹೋಳಿಗೆ, ಎರಡನೆಯದಕ್ಕೆ ತಿಳಿಸಾರು! ಆದರೆ ಮೊದಲ ಪಂಕ್ತಿಯವರೂ ಕ್ಷೇಮವಾಗಿರಲಿಲ್ಲ: ವೂಸ್ಟರ್, ವಾಸ್ಪ್ಸ್ ತಂಡಗಳು 2022ರಲ್ಲಿಯೂ ಲಂಡನ್ ಐರಿಷ್ 2023ರಲ್ಲಿಯೂ ದಿವಾಳಿಯ ಸುಳಿಗೆ ಸಿಕ್ಕಿ ಶ್ರೇಣಿಯಿಂದ ಹೊರಬಿದ್ದವು. ಆದ್ದರಿಂದ ಮೇಲೆ ಬರುವವರ ಬಲವನ್ನು ಪರೀಕ್ಷಿಸಬೇಕೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ನನ್ನ ತಕರಾರು ಪರೀಕ್ಷೆಯ ಬಗೆಯನ್ನು ಕುರಿತದ್ದು. ದೊಡ್ಡ ಪಂದ್ಯಗಳು ಬಂದರೆ ತಾನೆ ಪ್ರೇಕ್ಷಕರು ಬರುವುದು? ಪ್ರೇಕ್ಷಕರು ಬರುವ ಮೊದಲೇ ಅವರಿಗೆ ಆಸನ ಕಟ್ಟಿಸೆಂದರೆ ಸಣ್ಣ ಕ್ಲಬ್ಬು ಎಲ್ಲಿಂದ ತರಬೇಕು? ಲಂಡನ್ನಿನ ಈಲಿಂಗ್ ತಂಡ 2022, 2024, 2025ರಲ್ಲಿ ಮೊದಲ ಸ್ಥಾನ ಗಳಿಸಿಯೂ ಒಮ್ಮೆಯೂ ಮೇಲೇರಲಿಲ್ಲ.

ಏಣಿಯೇ ಇಲ್ಲದ ಆಟವೂ ನಮ್ಮ ಕಣ್ಣ ಮುಂದಿದೆ. ಪ್ರೊ ಕಬಡ್ಡಿಯ 2024ರ ಆವೃತ್ತಿಯಲ್ಲಿ ನಮ್ಮ ಬೆಂಗಳೂರು ಬುಲ್ಸ್ 12 ತಂಡಗಳಲ್ಲಿ ಕಡೆಯದಾಯಿತು. ಆದರೂ ಮರುವರ್ಷ ಅದೇ ಪಂಕ್ತಿಯಲ್ಲಿ ಕುಳಿತಿತು. ಅಭಿಮಾನಿಯಾಗಿ ನನಗೆ ಸಮಾಧಾನವೇ, ಆದರೆ ಕೆಳಗೆ ಕಾಯುವವರಿಗೆ ಅಲ್ಲಿ ಮೆಟ್ಟಿಲೇ ಇಲ್ಲ.

ಮುಚ್ಚಿಹೋದ ಕ್ಲಬ್ಬುಗಳ ಮಾತು ಬಂದಾಗ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಕಲ್ಕತ್ತೆಯ ರಗ್ಬಿ ಕ್ಲಬ್ಬು 1878ರಲ್ಲಿ ವಿಸರ್ಜನೆಗೊಂಡಾಗ ಸದಸ್ಯರು ಖಾತೆಯಲ್ಲಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡು, ಸ್ಕಾಟ್ಲೆಂಡುಗಳು ಅದಕ್ಕಾಗಿ ಸೆಣಸುತ್ತಿವೆ. ಜರ್ಸಿಯಲ್ಲಿ ಸಂಬಳದ ತಂಡ ಹೋದರೂ ಹವ್ಯಾಸಿಗಳ ತಂಡ ಉಳಿದುಕೊಂಡು ಕೆಳಗಿನ ಶ್ರೇಣಿಗಳಲ್ಲಿ ಆಟ ಮುಂದುವರಿಸಿತು.