ಒಂದೇ ಕೋಟು, ಮೂರು ಊರು

ನಮ್ಮ ಸಂಚಿಕೆಗೆ ಕವಿತೆ, ಕತೆ, ವಿಮರ್ಶೆ ಬರುವುದು ವಾಡಿಕೆ. ನಾನು ಕಾಮರ್ಸ್ ವಿದ್ಯಾರ್ಥಿ, ಕವಿತೆ ನನ್ನ ಕೈಗೆ ಹತ್ತುವುದಿಲ್ಲ. ಆದರೂ ಸಂಪಾದಕ ಗೆಳೆಯ ಬಿಡಲಿಲ್ಲ. "ಗುಜರಾತಿಗೆ ಹೋಗಿ ಬಂದೀಯಲ್ಲ, ಅದನ್ನರ ಬರಿ" ಅಂದ. ಪ್ರವಾಸ ಕಥನ ಬರೆಯುವಷ್ಟು ನಾನು ನೋಡಿಲ್ಲ. ಆ ಹತ್ತು ದಿನಗಳಲ್ಲಿ ನನಗೆ ಸರಿಯಾಗಿ ಅರ್ಥವಾದದ್ದು ನನ್ನ ಮೈಮೇಲಿದ್ದ ಕೋಟು ಮಾತ್ರ. ಬೆಳಿಗ್ಗೆ ನಡುಗಿಸಿ ಮಧ್ಯಾಹ್ನ ಬೆವರಿಳಿಸುವ ಹವೆಯಲ್ಲಿ ಒಂದೇ ಕೋಟಿನಿಂದ ಹೇಗೆ ಸುಧಾರಿಸಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ಕೋಟು ಕೊಳ್ಳಲು ದುಡ್ಡಿಲ್ಲದವರಿಗೆ ಉಪಯೋಗವಾದೀತು.

ಹೋದ ಜನವರಿಯಲ್ಲಿ ಅಹಮದಾಬಾದಿನ ಒಂದು ಲೆಕ್ಕಪರಿಶೋಧಕರ ಕಚೇರಿಯಿಂದ ಬೇಸಿಗೆ ತರಬೇತಿಗೆ ಸಂದರ್ಶನದ ಕರೆ ಬಂತು. ಅಕ್ಕ ಇರುವುದು ವಡೋದರಾದಲ್ಲಿ, ಭಾವ ಅಲ್ಲಿ ಫಿಟ್ಟರ್. ಸೂರತ್‌ನಲ್ಲಿ ನಮ್ಮೂರ ಗೆಳೆಯನೊಬ್ಬ ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಾನೆ. ಹೀಗೆ ಮೂರೂ ಊರಿಗೆ ಹೋಗುವುದೆಂದಾಯಿತು. "ಅಲ್ಲೆ ಥಂಡಿ ಭಾಳ ಇರತೈತಂತ, ದಪ್ಪಂದು ಹಾಕ್ಕೊಂಡು ಹೋಗು" ಎಂದಳು ಅವ್ವ. ಭಾವ ಫೋನಿನಲ್ಲಿ "ಮಧ್ಯಾಹ್ನ ಸೆಕಿ ಆಕ್ಕೈತಿ, ದಪ್ಪಂದು ತರಬ್ಯಾಡ" ಎಂದರು. ಹೋದ ಮೇಲೆ ತಿಳಿಯಿತು, ಇಬ್ಬರ ಮಾತೂ ನಿಜ.

ಹೊಸ ಜಾಕೆಟ್ಟಿಗೆ ಅಂಗಡಿಯಲ್ಲಿ 3,500 ರೂಪಾಯಿ ಹೇಳಿದರು. ಪರೀಕ್ಷೆಯ ಫೀ ಇನ್ನೂ ಕಟ್ಟಬೇಕಾಗಿತ್ತು. ಆಗ ನೆನಪಾದದ್ದು ಅಪ್ಪನ ಮದುವೆಯ ಕೋಟು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತ. 24 ವರ್ಷದ ಹಿಂದೆ 1,800 ರೂಪಾಯಿ ಕೊಟ್ಟು ಹೊಲಿಸಿದ ಕಂದು ಬಣ್ಣದ ಟೆರಿವುಲ್ ಕೋಟು, ಹಾಕಿದ್ದು ಒಂದೇ ದಿನ. ಆಮೇಲೆ ಬೇವಿನ ಎಲೆಯ ನಡುವೆ ಟ್ರಂಕಿನಲ್ಲಿ ಮಲಗಿತ್ತು. ನಾನು ಹಾಕಿ ನೋಡಿದರೆ ಹೆಗಲು ಜೋತುಬಿತ್ತು, ಐದು ನಿಮಿಷದಲ್ಲಿ ಬೆನ್ನು ಬೆವತಿತು. ಟೇಲರ್ ಕಾಕಾ ಒಳಗಿನ ಅಸ್ತರ್ ತೋರಿಸಿ, "ಇದು ಪಾಲಿಯೆಸ್ಟರ್, ಬೆವರು ಹೀರಂಗಿಲ್ಲ. ಬೆನ್ನಿಂದು ಕತ್ತರಿಸಿ ತಗದ್ರ ಹಗರ ಆಕ್ಕೈತಿ" ಎಂದರು.

ಅಪ್ಪನ ಮದುವೆಯ ಕೋಟಿಗೆ ಕತ್ತರಿ ಹಾಕುವುದೆಂದರೆ ಹೇಗೆ? ಎರಡು ದಿನ ನಾನು ಬಾಯಿಯೇ ಬಿಡಲಿಲ್ಲ. ಕೊನೆಗೆ ಅವ್ವನ ಕೈಲಿ ಕೇಳಿಸಿದೆ. ಅಪ್ಪ ಕೋಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, "ಟ್ರಂಕಿನ್ಯಾಗಿನ ಕೋಟಿಗೆ ಥಂಡಿ ಹತ್ತೂದಿಲ್ಲ. ಕತ್ತರಸ್ರಿ" ಅಂದರು. ಕಾಕಾ ಬೆನ್ನಿನ ಅಸ್ತರ್ ತೆಗೆದು, ಒಳಹೊಲಿಗೆಗೆ ಪಟ್ಟಿ ಕೊಟ್ಟು, ಹೆಗಲಿನ ಪ್ಯಾಡ್ ಕಿತ್ತು, ಹೆಗಲು ಹಿಡಿದು ಹೊಲಿದರು. ತೋಳಿನ ಅಸ್ತರ್ ಮಾತ್ರ ಬಿಟ್ಟರು. ಅದಿದ್ದರೆ ಕೈ ಸಲೀಸಾಗಿ ಜಾರುತ್ತದೆ. ಖರ್ಚು 300 ರೂಪಾಯಿ.

ಇನ್ನು ಹವೆಯ ವಿಷಯ. ಗುಜರಾತಿನ ಒಳನಾಡಿನಲ್ಲಿ ಚಳಿಗಾಲದ ಗಾಳಿ ಒಣಗಾಳಿ, ಆಕಾಶದಲ್ಲಿ ಮೋಡವಿರುವುದಿಲ್ಲ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ, ಅದನ್ನು ತಡೆಯಲು ಮೇಲೆ ಏನೂ ಇಲ್ಲ. ಬಿಸಿಲೇರಿದರೆ ಅಷ್ಟೇ ಬೇಗ ಕಾಯುತ್ತದೆ. ಅಹಮದಾಬಾದಿನಲ್ಲಿ ಜನವರಿಯ ನಸುಕಿನಲ್ಲಿ ಸುಮಾರು 12 ಡಿಗ್ರಿ, ಮಧ್ಯಾಹ್ನ ಸುಮಾರು 28. ಉತ್ತರದ ಶೀತಗಾಳಿ ಬೀಸಿದರೆ 10ಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಸೂರತ್ ಸಮುದ್ರಕ್ಕೆ ಹತ್ತಿರ, ಅಲ್ಲಿಯ ಬೆಳಗು ಅಷ್ಟು ಕಟುವಲ್ಲ. ಅಂದರೆ ಅಲ್ಲಿ ಋತು ಬದಲಾಗುವುದನ್ನು ಕಾಯಬೇಕಿಲ್ಲ, ಒಂದೇ ದಿನದಲ್ಲಿ ಎರಡು ಋತು ಬಂದು ಹೋಗುತ್ತವೆ. ಅದಕ್ಕೇ ಒಂದು ದಪ್ಪನೆಯ ಉಡುಪು ಅಲ್ಲಿ ನಡೆಯುವುದಿಲ್ಲ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಮೊದಲು ಇಳಿದದ್ದು ಸೂರತ್‌ನಲ್ಲಿ. ರೈಲಿನಲ್ಲಿ ರಾತ್ರಿ ಕೋಟೇ ನನ್ನ ಹೊದಿಕೆ. ಸೂರತ್‌ನಲ್ಲಿ ಎಂಟು ಗಂಟೆಯ ಮೇಲೆ ಅದು ಬೇಕಾಗಲಿಲ್ಲ. ದೇಶದ ಕೃತಕ ನೂಲಿನ ಬಟ್ಟೆಯ ದೊಡ್ಡ ಪಾಲು ತಯಾರಾಗುವುದು ಈ ಊರಿನಲ್ಲಿ. ಗೆಳೆಯ ಥಾನುಗಳನ್ನು ತೋರಿಸುತ್ತ ಒಂದು ಒಳ್ಳೆಯ ಮಾತು ಹೇಳಿದ: ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದಿಲ್ಲ. ಆದ್ದರಿಂದ ಮೈಗೆ ತಾಗುವ ಅಂಗಿ ಹತ್ತಿಯದಿರಲಿ, ಮೇಲಿನ ಕೋಟು ಮಿಶ್ರ ನೂಲಿನದಿದ್ದರೂ ನಡೆದೀತು. ಕೋಟಿನ ಶಾಸ್ತ್ರದಲ್ಲಿ ಇದು ನನ್ನ ಮೊದಲ ಪಾಠ.

ವಡೋದರಾ ಮುಟ್ಟಿದಾಗ ಉತ್ತರಾಯಣದ ಹಬ್ಬ. ಜನವರಿ 14ರಂದು ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ನಸುಕಿನಲ್ಲಿ ಭಾವನ ಸ್ಕೂಟರಿನ ಹಿಂದೆ ಕೂತಾಗ ಕೋಟಿನ ಗುಂಡಿಯನ್ನೆಲ್ಲ ಹಾಕಿ ಕಾಲರ್ ಎತ್ತಿದ್ದೆ. ಭಾವ ಅದರ ಮೇಲೆ ಮಫ್ಲರನ್ನೂ ಬಿಗಿಯಾಗಿ ಸುತ್ತಿಸಿದರು. ಅದು ಚಳಿಗಷ್ಟೇ ಅಲ್ಲ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ರಸ್ತೆಗೆ ಅಡ್ಡ ಬಿದ್ದು ಸ್ಕೂಟರಿನವರ ಕುತ್ತಿಗೆ ಕೊಯ್ಯುತ್ತದೆ. ಅಂಥ ದಾರವನ್ನೂ ನೈಲಾನ್ ದಾರವನ್ನೂ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿದ್ದರೂ ಜನ ಕುತ್ತಿಗೆ ಮುಚ್ಚಿಕೊಂಡೇ ಹೊರಡುತ್ತಾರೆ.

ಮಾಳಿಗೆಯ ಮೇಲೆ ಹತ್ತು ಗಂಟೆಗೆ ಕೋಟಿನ ಗುಂಡಿ ಬಿಚ್ಚಿದೆ, ಹನ್ನೊಂದಕ್ಕೆ ಕೋಟೇ ಬಿಚ್ಚಿದೆ. ಪಕ್ಕದ ಮನೆಯ ಅಜ್ಜ ಮಾತ್ರ ಬೆಳಗಿನಿಂದ ಸಂಜೆಯತನಕ ಒಂದೇ ಉಡುಪಿನಲ್ಲಿದ್ದರು. ತೋಳಿಲ್ಲದ, ಮುಂದೆ ಗುಂಡಿಯಿರುವ ಖಾದಿ ಜಾಕೀಟು. ಅದಕ್ಕೆ ಅಲ್ಲಿ ಬಂಡಿ ಅನ್ನುತ್ತಾರೆ. ಎತ್ತು ಹೂಡುವ ಬಂಡಿ ಕಂಡ ನನಗೆ ನಗು ಬಂತು. ಆದರೆ ಯೋಚಿಸಿದರೆ ಅದರಲ್ಲಿ ಜಾಣತನವಿದೆ. ಎದೆ ಬೆಚ್ಚಗಿರುತ್ತದೆ, ಕಂಕುಳಲ್ಲಿ ಗಾಳಿಯಾಡುತ್ತದೆ.

ಮರುದಿನ ಭಾವ ಸಯಾಜಿಬಾಗ್ ಉದ್ಯಾನಕ್ಕೆ ಕರೆದುಕೊಂಡು ಹೋದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಓದಿ, 1917ರಲ್ಲಿ ಇಲ್ಲಿ ಕೆಲಸಕ್ಕೆ ಬಂದ ಅಂಬೇಡ್ಕರರಿಗೆ ಜಾತಿಯ ಕಾರಣಕ್ಕೆ ಇರಲು ಒಂದು ಕೋಣೆ ಸಿಗಲಿಲ್ಲ. ಇದ್ದ ವಸತಿಯಿಂದಲೂ ಹೊರಹಾಕಿದಾಗ ಅವರು ಕೂತು ದುಃಖಪಟ್ಟದ್ದು ಇದೇ ಉದ್ಯಾನದಲ್ಲಿ. ಅದೇ 1917ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯ ಆಶ್ರಮ ಸಾಬರಮತಿಯ ದಂಡೆಗೆ ಬಂತು. 1921ರಲ್ಲಿ ಗಾಂಧೀಜಿ ಅಂಗಿಯನ್ನೂ ಬಿಟ್ಟು ಪಂಜೆ ಉಟ್ಟರು. ಅಂಬೇಡ್ಕರರನ್ನು ನಾವು ಇಂದಿಗೂ ಕಾಣುವುದು ಕೋಟಿನಲ್ಲಿ. ಬಿಟ್ಟವರಿಗೂ ತೊಟ್ಟವರಿಗೂ ಅವರವರ ಕಾರಣವಿತ್ತು. ನನ್ನನ್ನೇ ಕೇಳಿಕೊಂಡೆ: ನಾನು ಇದನ್ನು ಚಳಿಗೆ ಹಾಕಿದ್ದೇನೋ, ಸಂದರ್ಶನದವರ ಕಣ್ಣಿಗೋ? ಎರಡಕ್ಕೂ, ಸುಳ್ಳೇಕೆ. ಕೋಟು ಹಾಕಿದರೆ ಇಂಗ್ಲಿಷ್ ತಾನಾಗಿ ಬಂದೀತೆಂದು ಕನ್ನಡ ಮೀಡಿಯಂ ಹುಡುಗನಿಗೆ ಒಂದು ಆಸೆ ಇರುತ್ತದೆ.

ವಡೋದರಾದಿಂದ ಅಹಮದಾಬಾದಿಗೆ ಸುಮಾರು 100 ಕಿಲೋಮೀಟರ್. ಸಂದರ್ಶನದ ಹಿಂದಿನ ದಿನ ಅಕ್ಕನೂ ಜೊತೆಗೆ ಬಂದಳು. ಟಿಬೆಟಿಯನ್ನರ ಸ್ವೆಟರ್ ಬಜಾರಿನಲ್ಲಿ ನಾವಿಬ್ಬರೂ ದಪ್ಪ ಸ್ವೆಟರ್ ಹಿಡಿದು ಚರ್ಚೆ ಮಾಡುತ್ತಿದ್ದೆವು. ಅಂಗಡಿಯ ಅಮ್ಮ ಅಚ್ಚಕನ್ನಡದಲ್ಲಿ "ಯಾವೂರವ್ರರಿ ನೀವು?" ಎಂದರು! ಅವರು ಮುಂಡಗೋಡದವರು. 1966ರಿಂದ ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ ಟಿಬೆಟಿಯನ್ ನಿರಾಶ್ರಿತರ ನೆಲೆಯಿದೆ. ಅಲ್ಲಿಂದಲೂ ಬೈಲಕುಪ್ಪೆಯಿಂದಲೂ ಅನೇಕರು ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋಗುತ್ತಾರೆ. ಬ್ಯಾಡಗಿ ಎಂದಾಗ ಅವರ ಮುಖ ಅರಳಿತು. ನನ್ನ ಕೋಟು ಮುಟ್ಟಿ ನೋಡಿ, "ಇದರೊಳಗ ದಪ್ಪಂದು ಬ್ಯಾಡ. ಹತ್ತಕ್ಕ ಬಿಚ್ಚಿ ಕೈಯಾಗ ಹಿಡಕೊಂಡು ತಿರಗತೀರಿ. ತೆಳ್ಳಂದು ತಗೋರಿ" ಎಂದು ತೋಳಿಲ್ಲದ ಸ್ವೆಟರ್ ಕೊಟ್ಟರು. 450 ರೂಪಾಯಿ. ಹೆಚ್ಚಿನ ಬೆಲೆಯದನ್ನು ಮಾರುವ ಅವಕಾಶವನ್ನು ಅವರು ತಾವಾಗಿಯೇ ಬಿಟ್ಟರು.

ಅವರು ಹೇಳಿದ್ದರಲ್ಲಿ ಶಾಸ್ತ್ರವಿದೆ. ಮೈಯನ್ನು ಬೆಚ್ಚಗಿಡುವುದು ಬಟ್ಟೆಯಷ್ಟೇ ಅಲ್ಲ, ಬಟ್ಟೆಯ ನಡುವೆ ಸಿಕ್ಕಿಬಿದ್ದ ಗಾಳಿ. ಹತ್ತಿಯ ಅಂಗಿ, ತೆಳು ಸ್ವೆಟರ್, ಮೇಲೊಂದು ಕೋಟು, ಹೀಗೆ ಪದರ ಮಾಡಿದರೆ ನಡುನಡುವೆ ಗಾಳಿ ನಿಲ್ಲುತ್ತದೆ, ಹೊರಗಿನ ಗಾಳಿಯನ್ನು ಕೋಟು ತಡೆಯುತ್ತದೆ. ಬಿಸಿಲೇರಿದಂತೆ ಒಂದೊಂದೇ ಪದರ ತೆಗೆಯಬಹುದು. ಸ್ವೆಟರ್ ಹಿಡಿಸುವಷ್ಟು ಕೋಟು ಸಡಿಲವಿರಬೇಕು. ಬಿಚ್ಚಿದ ಕೋಟನ್ನು ಒಳಗು ಹೊರಗಾಗುವಂತೆ ಮಡಚಿ ತೋಳ ಮೇಲೆ ಹಾಕಿಕೊಂಡರೆ ಧೂಳು ಹಿಡಿಯದು. ಕಂದು, ಬೂದು, ಕಡುನೀಲಿ ಬಣ್ಣದ್ದಾದರೆ ಯಾವ ಪ್ಯಾಂಟಿಗಾದರೂ ಹೊಂದುತ್ತದೆ. ನೆನೆದರೆ ಅಗಲವಾದ ಹ್ಯಾಂಗರಿಗೆ ಹಾಕಿ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡುವಾಗ ಮೇಲೆ ತೆಳು ಬಟ್ಟೆ ಹಾಸಿ. ಮಳೆಗಾಲಕ್ಕೆ ಇದು ಆಗಿಬರುವುದಿಲ್ಲ, ಆಗ ಕೊಡೆಯೇ ಸರಿ.

ಸಂದರ್ಶನದ ದಿನ ಹೊರಗೆ ಬಿಸಿಲು, ಕಚೇರಿಯೊಳಗೆ ಏಸಿಯ ಥಂಡಿ. ಸ್ವೆಟರ್ ಚೀಲದಲ್ಲಿಟ್ಟು ಕೋಟು ಹಾಕಿ ಒಳಗೆ ಹೋದೆ. ಕೋಟು ತನ್ನ ಕೆಲಸ ಸರಿಯಾಗಿ ಮಾಡಿತು. ನಾನು ಮೂರನೆಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ತಡವರಿಸಿದೆ. ಉತ್ತರ ಗೊತ್ತಿತ್ತು, ಮಾತು ಬರಲಿಲ್ಲ. ತರಬೇತಿ ಸಿಗಲಿಲ್ಲ. ಊರಿಗೆ ಬಂದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಥಂಡಿ ಹತ್ತಲಿಲ್ಲಲ್ಲ?"

ಇಲ್ಲಿಗೊಂದು ಕಾಮರ್ಸ್ ಲೆಕ್ಕ. ಸವಕಳಿ ಕಳೆದರೆ ಈ ಕೋಟಿನ ಪುಸ್ತಕ ಬೆಲೆ ಎಂದೋ ಸೊನ್ನೆಯಾಗಿದೆ. ಆದರೆ 24 ವರ್ಷ ಒಂದೇ ದಿನ ಹಾಕಿದ್ದರಿಂದ ಆ ಒಂದು ದಿನದ ಖರ್ಚು 1,800 ರೂಪಾಯಿ ಆಗಿತ್ತು. ನಾನು ಈತನಕ ಹನ್ನೆರಡು ದಿನ ಹಾಕಿದ್ದೇನೆ. ಟೇಲರ್ ಕಾಕಾನ 300 ಸೇರಿಸಿ ಹದಿಮೂರರಿಂದ ಭಾಗಿಸಿದರೆ ದಿನಕ್ಕೆ ಸುಮಾರು 162 ರೂಪಾಯಿ. ಇನ್ನೂ ಇಳಿಸಬೇಕೆಂದಿದ್ದೇನೆ. ಸಂಘದ ಗೆಳೆಯರಲ್ಲಿ ಯಾರಿಗಾದರೂ ಸಂದರ್ಶನವಿದ್ದರೆ ಕೇಳಿ ಪಡೆಯಬಹುದು. ಎದೆಯಳತೆ 38. ಅಪ್ಪನ ಒಪ್ಪಿಗೆ ಇದೆ. ವಾಪಸು ಕೊಡುವಾಗ ಜೇಬಿನಲ್ಲಿ ನಾಲ್ಕು ಒಣಗಿದ ಬೇವಿನೆಲೆ ಇಟ್ಟು ಕೊಟ್ಟರೆ ಸಾಕು.