ಸಂಜೆಯ ತಿಂಡಿ ಎಂಬ ಪುಟ್ಟ ಊಟ

ಮಕ್ಕಳ ಹೊಟ್ಟೆ ಚಿಕ್ಕದು, ಬೆಳೆಯುವ ದೇಹದ ಬೇಡಿಕೆ ದೊಡ್ಡದು. ಮೂರು ಹೊತ್ತಿನ ಊಟದಲ್ಲೇ ಅವರಿಗೆ ಬೇಕಾದದ್ದೆಲ್ಲ ಸಿಕ್ಕಿಬಿಡುವುದಿಲ್ಲ. ಶಾಲೆಯಿಂದ ಬಂದೊಡನೆ ‘ತಿನ್ನೋಕೆ ಏನಿದೆ?’ ಎಂದು ಕೇಳುವುದು ಬಾಯಿಚಪಲವಲ್ಲ, ನಿಜವಾದ ಹಸಿವು. ಆ ಹೊತ್ತಿನ ತಿಂಡಿಯನ್ನು ಪುಟ್ಟ ಊಟವೆಂದೇ ಎಣಿಸಬೇಕು.

ಬಿಸ್ಕತ್ತಿನ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಯಾವ ಪದಾರ್ಥದ ತೂಕ ಹೆಚ್ಚೋ ಅದರ ಹೆಸರು ಮೊದಲು ಇರಬೇಕೆಂಬುದು ನಿಯಮ. ಹೆಚ್ಚಿನವುಗಳಲ್ಲಿ ಮೊದಲಿಗೆ ಕಾಣುವುದು ಮೈದಾ, ಸಕ್ಕರೆ, ತಾಳೆ ಎಣ್ಣೆ. 100 ಗ್ರಾಂಗೆ 25 ಗ್ರಾಂ ಸಕ್ಕರೆ ಎಂದಿದ್ದರೆ, 40 ಗ್ರಾಂ ತಿಂದ ಮಗುವಿಗೆ 10 ಗ್ರಾಂ, ಅಂದರೆ ಎರಡೂವರೆ ಟೀ ಚಮಚ ಸಕ್ಕರೆ ಸೇರಿತು. ಇಂಥ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ ಸುಮಾರು 1,700 ಕಿಲೊಕ್ಯಾಲೊರಿ ಬೇಕಾದ ಎಂಟು ವರ್ಷದ ಮಗುವಿಗೆ ಶೇ 5 ಎಂದರೆ ಐದು ಚಮಚ. ಅದರಲ್ಲಿ ಅರ್ಧ ಬಿಸ್ಕತ್ತಿಗೇ ಮುಗಿಯಿತು. ಬೆಲ್ಲ, ಜೇನುತುಪ್ಪಗಳೂ ಈ ಲೆಕ್ಕದೊಳಗೇ ಬರುತ್ತವೆ.

ಇದರ ಬದಲು ಮೊಳಕೆ ಬಂದ ಹೆಸರುಕಾಳಿನ ಉಸಲಿ ಮಾಡಿ. ಕಾಳಿನಲ್ಲಿ ಪ್ರೋಟೀನು, ನಾರು, ಕಬ್ಬಿಣ ಎಲ್ಲವೂ ಇವೆ. ಆದರೆ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕಗೊಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದಾಗ ಕಾಳಿನದೇ ಕಿಣ್ವ ಈ ಫೈಟೇಟನ್ನು ಒಡೆಯತೊಡಗುತ್ತದೆ. ನಿಂಬೆರಸದ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರುವಂತೆ ಮಾಡುತ್ತದೆ. ಬಿಸಿಗೆ ಅದು ನಾಶವಾಗುವುದರಿಂದ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಬೇಕು. ಜೊತೆಗೆ ಟೀ ಬೇಡ. ಅದರ ಟ್ಯಾನಿನ್ ಕಬ್ಬಿಣಕ್ಕೆ ಅಡ್ಡಿ.

ದಿನವೂ ಉಸಲಿ ಆಗದಿದ್ದರೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಮೊಸರವಲಕ್ಕಿ, ರಾಗಿ ರೊಟ್ಟಿ ಇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಕಡಲೆಕಾಯಿ ಬೀಜದಲ್ಲಿ ಕಾಲುಭಾಗ ಪ್ರೋಟೀನು. ಆದರೆ ಐದು ವರ್ಷದೊಳಗಿನವರಿಗೆ ಇಡೀ ಬೀಜ ಕೊಡಬಾರದು, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅದರ ಅಲರ್ಜಿ ಇಲ್ಲದ ಮಕ್ಕಳಿಗೆ ನುಣ್ಣಗೆ ಪುಡಿ ಮಾಡಿ ಅವಲಕ್ಕಿಗೆ ಬೆರೆಸಿ.

ಹೊಸ ರುಚಿಯನ್ನು ಮಗು ಮೊದಲ ಸಲ ದೂಡಿದರೆ ಗದರಬೇಡಿ, ಬಿಸ್ಕತ್ತಿನ ಆಸೆ ತೋರಿಸಿ ತಿನ್ನಿಸಲೂ ಬೇಡಿ. ಕೆಲವು ದಿನ ಬಿಟ್ಟು ಮತ್ತೆ ಒಂದೆರಡು ಚಮಚ ಬಡಿಸಿ, ನೀವೂ ಜೊತೆಗೆ ಕೂತು ತಿನ್ನಿ. ಹಲವು ಸಲ ನಾಲಿಗೆಗೆ ತಾಗಿದ ಮೇಲೆಯೇ ಮಕ್ಕಳು ಎಷ್ಟೋ ರುಚಿಗಳನ್ನು ಒಪ್ಪಿಕೊಳ್ಳುತ್ತಾರೆ.