ಹಳೆಯ ಬಿದಿರ ಕೋಲಿಗೆ ತಕ್ಕ ರೀಲು ಯಾವುದು?

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಹಳೆಯ ಮನೆಯೊಂದರ ಅಟ್ಟ ಗುಡಿಸುವಾಗ ಬಟ್ಟೆಯ ಚೀಲದಲ್ಲಿ ಸುತ್ತಿಟ್ಟ ಬಿದಿರಿನ ಗಾಳದ ಕೋಲು ಸಿಗುವುದುಂಟು. ತಾತ ಅದರಿಂದ ಮೀನು ಹಿಡಿಯುತ್ತಿದ್ದ. ಅಪ್ಪನ ಕಾಲಕ್ಕೆ ಅದು ಮೂಲೆ ಸೇರಿತು. ಈಗ ಮೊಮ್ಮಗನಿಗೆ ಅದನ್ನು ಹೊಳೆಗೆ ಒಯ್ಯುವ ಆಸೆ. ಕೋಲೇನೋ ಇದೆ, ದಾರ ಸುತ್ತುವ ರೀಲು ಮಾತ್ರ ಕಳೆದುಹೋಗಿದೆ. ಅಂಗಡಿಯಿಂದ ಹೊಸದೊಂದನ್ನು ತಂದು ಸಿಕ್ಕಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವಟ್ಟಾಗುವುದು ಇಲ್ಲಿಯೇ. ಎಪ್ಪತ್ತು ಎಂಬತ್ತು ವರ್ಷ ಬಾಳಿದ ಕೋಲು, ತನಗೆ ಒಗ್ಗದ ದಾರ ಮತ್ತು ರೀಲಿನ ಕೈಗೆ ಸಿಕ್ಕಿ ಒಂದೇ ಮಧ್ಯಾಹ್ನದಲ್ಲಿ ಹಾಳಾಗಬಹುದು.

ಹಾಗಾದರೆ ತಕ್ಕ ರೀಲನ್ನು ಆರಿಸುವುದು ಹೇಗೆ? ಹೈಸ್ಕೂಲಿನಲ್ಲಿ ಕಲಿತ ಸನ್ನೆಯ ತತ್ವ ಮತ್ತು ವೃತ್ತದ ಪರಿಧಿಯ ಸೂತ್ರ, ಇವೆರಡು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ದಾರಕ್ಕೇ ಭಾರ

ನಮ್ಮ ಕೆರೆ, ಹೊಳೆಗಳ ದಂಡೆಯಲ್ಲಿ ಗಾಳ ಹಾಕುವವರು ಕೊಕ್ಕೆಗೆ ಎರೆಹುಳು ಚುಚ್ಚಿ, ದೂರ ಎಸೆಯಬೇಕಾದರೆ ಸೀಸದ ಗುಂಡು ಕಟ್ಟುತ್ತಾರೆ. ಗುಂಡಿನ ತೂಕ ದಾರವನ್ನು ಎಳೆದೊಯ್ಯುತ್ತದೆ. ‘ಫ್ಲೈ ಫಿಶಿಂಗ್’ ಎಂಬ ಪದ್ಧತಿ ಹಾಗಲ್ಲ. ಇಲ್ಲಿ ಪುಟ್ಟ ಕೊಕ್ಕೆಗೆ ಗರಿ, ನೂಲು, ತುಪ್ಪಳ ಸುತ್ತಿ ನೊಣದ ರೂಪ ಕೊಟ್ಟಿರುತ್ತಾರೆ. ತಣ್ಣನೆಯ ತೊರೆಗಳಲ್ಲಿ ವಾಸಿಸುವ ಟ್ರೌಟ್ ಮೀನು ಅದನ್ನು ನಿಜವಾದ ಹುಳುವೆಂದು ನಂಬಿ ಬಾಯಿ ಹಾಕುತ್ತದೆ. ಈ ನೊಣ ಎಷ್ಟು ಹಗುರವೆಂದರೆ ಅದನ್ನು ಎಸೆದರೂ ದೂರ ಹೋಗದು. ಆದ್ದರಿಂದ ದಾರಕ್ಕೇ ತೂಕ ಕೊಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರದ ತೂಕಕ್ಕೆ ಅದು ಬಿಲ್ಲಿನಂತೆ ಬಾಗುತ್ತದೆ; ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ಚಿಮ್ಮಿಸುತ್ತದೆ.

ಇಂಥ ಕೋಲು ಇಡೀ ಬಿದಿರಿನದಲ್ಲ. ಬಿದಿರನ್ನು ಸೀಳಿ, ತ್ರಿಕೋನಾಕಾರದ ಪಟ್ಟಿಗಳಾಗಿ ಹೆರೆದು, ಆರು ಪಟ್ಟಿಗಳನ್ನು ಅಂಟಿನಿಂದ ಕೂಡಿಸುತ್ತಾರೆ. ಪ್ರತಿ ಪಟ್ಟಿಯ ಕೋನ 60 ಡಿಗ್ರಿ. ಆರೂ ಸೇರಿದರೆ 360 ಡಿಗ್ರಿ. ಹೀಗೆ ಒಳಗೆ ಟೊಳ್ಳಿಲ್ಲದ ಷಟ್ಕೋನದ ಕೋಲು ತಯಾರಾಗುತ್ತದೆ. ಪೆನ್ಸಿಲ್ವೇನಿಯಾದ ಈಸ್ಟನ್ ಊರಿನಲ್ಲಿ ಬಂದೂಕು ತಯಾರಿಸುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ಪಿ 1840ರ ದಶಕದಲ್ಲಿಯೇ ಸೀಳುಬಿದಿರಿನ ಪ್ರಯೋಗಕ್ಕೆ ಕೈಹಾಕಿದ್ದ. 1870ರ ದಶಕದಲ್ಲಿ ಹೈರಮ್ ಲೆನರ್ಡ್ ಯಂತ್ರದಿಂದ ಪಟ್ಟಿ ಕೊಯ್ದು ಆರು ಪಟ್ಟಿಯ ಕೋಲುಗಳನ್ನು ಮಾರುಕಟ್ಟೆಗೆ ತಂದ. ಮುಂದೆ ಎವರೆಟ್ ಗ್ಯಾರಿಸನ್ ಎಂಬ ಎಂಜಿನಿಯರ್, ಸೇತುವೆ ಕಟ್ಟುವವರು ತೊಲೆಯ ಲೆಕ್ಕ ಹಾಕುವಂತೆ, ಕೋಲಿನ ಯಾವ ಭಾಗ ಎಷ್ಟು ದಪ್ಪವಿರಬೇಕು ಎಂದು ಗಣಿತದಿಂದಲೇ ನಿರ್ಧರಿಸಿದ.

ಈ ಕಥೆಗೆ ನಮ್ಮ ದೇಶದ ನಂಟೂ ಇದೆ. ಆರಂಭದ ಕೋಲುಗಳಿಗೆ ಬಳಸಿದ ಬಿದಿರು ಭಾರತದ್ದು. ಕಲ್ಕತ್ತೆಯ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ಅದಕ್ಕೆ ‘ಕಲ್ಕತ್ತಾ ಕೇನ್’ ಎಂದೇ ಹೆಸರು. ಆಮೇಲೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ‘ಟಾಂಕಿನ್ ಕೇನ್’ ಅದರ ಜಾಗ ಹಿಡಿಯಿತು. ಅದರ ಹೊರಪದರದ ನಾರು ಬಹಳ ದಟ್ಟ, ಗಿಣ್ಣುಗಳು ಚಿಕ್ಕವು. 1950ರ ಕೊನೆಯಲ್ಲಿ ಅಮೆರಿಕ ಚೀನಾದ ವ್ಯಾಪಾರವನ್ನು ನಿಷೇಧಿಸಿದಾಗ ಈ ಬಿದಿರು ಬರುವುದು ನಿಂತಿತು. ಅದೇ ಹೊತ್ತಿಗೆ ಫೈಬರ್‌ಗ್ಲಾಸ್ ಕೋಲುಗಳು ಅಗ್ಗವಾಗಿ ಸಿಗತೊಡಗಿದವು. ಬಿದಿರ ಕೋಲು ಮಾಡುವವರು ಬೆರಳೆಣಿಕೆಯಷ್ಟಾದರು. ಅಟ್ಟದಲ್ಲಿ ಸಿಕ್ಕ ಕೋಲು ಅಮೂಲ್ಯವಾಗುವುದು ಈ ಕಾರಣದಿಂದ. ಮುರಿದರೆ ಅಂಥದೇ ಮತ್ತೊಂದು ಸಿಗುವುದು ಕಷ್ಟ.

ಮೊದಲು ದಾರ, ಆಮೇಲೆ ರೀಲು

ರೀಲು ಕೊಳ್ಳುವ ಮುನ್ನ ಗೊತ್ತಾಗಬೇಕಾದದ್ದು ಕೋಲಿಗೆ ಎಷ್ಟು ತೂಕದ ದಾರ ಬೇಕೆಂಬುದು. ಹಳೆಯ ಕಾಲದಲ್ಲಿ ರೇಷ್ಮೆಯ ದಾರ ಬಳಕೆಯಲ್ಲಿತ್ತು. ಅದರ ದಪ್ಪವನ್ನು ಇಂಗ್ಲಿಷ್ ಅಕ್ಷರಗಳಿಂದ ಸೂಚಿಸುತ್ತಿದ್ದರು. ‘ಎಚ್‌ಡಿಎಚ್’ ಎಂದು ಕೋಲಿನ ಮೇಲೆ ಬರೆದಿದ್ದರೆ ದಾರದ ಎರಡು ತುದಿಗಳು ಎಚ್ ಅಳತೆಯವು, ಅಂದರೆ ಅಂಗುಲದ ಸಾವಿರದಲ್ಲಿ 25 ಭಾಗ. ನಡುಭಾಗ ಡಿ ಅಳತೆಯದು, ಅಂದರೆ 45 ಭಾಗ. 1960ರ ದಶಕದಿಂದೀಚೆಗೆ ದಪ್ಪದ ಬದಲು ತೂಕದ ಅಳತೆ ಬಂತು. ದಾರದ ಮೊದಲ 30 ಅಡಿ ಎಷ್ಟು ತೂಗುತ್ತದೆ ಎಂಬುದರ ಮೇಲೆ ಅದಕ್ಕೊಂದು ಸಂಖ್ಯೆ. ಹಳೆಯ ಎಚ್‌ಡಿಎಚ್ ಸುಮಾರಾಗಿ ಇಂದಿನ 5ನೇ ನಂಬರಿಗೆ ಸಮ. ಆ 30 ಅಡಿಯ ತೂಕ 140 ಗ್ರೇನ್, ಎಂದರೆ 9 ಗ್ರಾಂ.

7ನೇ ನಂಬರಿನ ದಾರ 185 ಗ್ರೇನ್ ತೂಗುತ್ತದೆ. ಹೆಚ್ಚಾದದ್ದು ಕೇವಲ 3 ಗ್ರಾಂ ಎಂದು ಹಗುರವಾಗಿ ಎಣಿಸುವಂತಿಲ್ಲ. ಅದು ಮೂಲ ತೂಕದ ಸುಮಾರು ಮೂರನೇ ಒಂದು ಪಾಲು! ದಿನವಿಡೀ ನೂರಾರು ಸಲ ಬೀಸುವಾಗ ಬಿದಿರು ತನ್ನ ಮಿತಿ ಮೀರಿ ಬಾಗುತ್ತದೆ. ಕೋಲು ಮತ್ತೆ ನೆಟ್ಟಗಾಗದೆ ಡೊಂಕಾಗಿಯೇ ಉಳಿಯಬಹುದು. ಹಳೆಯ ಅಂಟು ಬಿಟ್ಟು ಪಟ್ಟಿಗಳು ಬಾಯಿ ತೆರೆಯಬಹುದು. ಕೋಲಿನ ಮೇಲೆ ಯಾವ ಗುರುತೂ ಇಲ್ಲವಾದರೆ ಹಗುರ ದಾರದಿಂದ ಆರಂಭಿಸಿ ಒಂದೊಂದೇ ನಂಬರು ಏರುವುದು ಕ್ಷೇಮ.

ದಾರ ಗೊತ್ತಾದರೆ ರೀಲಿನ ಗಾತ್ರವೂ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಲೇಪದ ಇಂದಿನ ದಾರ ಅಷ್ಟೇ ತೂಕದ ರೇಷ್ಮೆ ದಾರಕ್ಕಿಂತ ದಪ್ಪ. ಹೀಗಾಗಿ ರೇಷ್ಮೆ ದಾರಕ್ಕೆಂದು ಮಾಡಿದ ಹಳೆಯ ಪುಟ್ಟ ರೀಲಿನಲ್ಲಿ ಹೊಸ ದಾರ ಹಿಡಿಸದೆ ಹೋಗಬಹುದು. ರೇಷ್ಮೆಯನ್ನೇ ಬಳಸುವವರು ಸಂಜೆ ದಾರವನ್ನು ರೀಲಿನಿಂದ ಬಿಚ್ಚಿ ಒಣಗಿಸಬೇಕು, ಇಲ್ಲವಾದರೆ ಅದು ಕೊಳೆಯುತ್ತದೆ. ಅಮೆರಿಕದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರೀಲಿನ ಎರಡೂ ಬದಿಗೆ ತುಂಬ ತೂತುಗಳಿದ್ದವು. ಅವುಗಳಿಂದ ತೂಕವೂ ಇಳಿಯಿತು, ಒಳಗಿನ ದಾರಕ್ಕೆ ಗಾಳಿಯೂ ಆಡಿತು.

ಇಲ್ಲಿ ಪರಿಧಿಯ ಸೂತ್ರ ನೆನಪಿಸಿಕೊಳ್ಳಿ. ತುಂಬಿದ ರೀಲಿನ ವ್ಯಾಸ 7.5 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ 23.5 ಸೆಂ.ಮೀ. ದಾರ ಒಳಬರುತ್ತದೆ. ಅರೆಬರೆ ತುಂಬಿ ವ್ಯಾಸ 5 ಸೆಂ.ಮೀ. ಆಗಿದ್ದರೆ 15.7 ಸೆಂ.ಮೀ. ಮಾತ್ರ. ಮುಖ್ಯ ದಾರದ ಕೆಳಗೆ ತೆಳುವಾದ ಬೇರೊಂದು ದಾರವನ್ನು ಸುತ್ತಿ ರೀಲನ್ನು ತುಂಬಿಸುವುದು ಇದಕ್ಕಾಗಿಯೂ ಹೌದು.

ಸನ್ನೆಯ ಲೆಕ್ಕ

ಇನ್ನು ತೂಕದ ವಿಚಾರ. ರೀಲು ಇರುವುದು ಕೋಲಿನ ಬುಡದಲ್ಲಿ. ಹಿಡಿಯ ಮೇಲ್ತುದಿಯಲ್ಲಿ ತೋರುಬೆರಳಿಟ್ಟು ಎತ್ತಿದರೆ ಕೋಲು ತಕ್ಕಡಿಯ ದಂಡಿಗೆಯಂತೆ ಸಮವಾಗಿ ನಿಲ್ಲಬೇಕು. 8 ಅಡಿ ಉದ್ದದ, 120 ಗ್ರಾಂ ತೂಕದ ಕೋಲೊಂದಿದೆ ಎನ್ನಿ. ಅದರ ಗುರುತ್ವ ಕೇಂದ್ರ ಬೆರಳಿನಿಂದ 30 ಸೆಂ.ಮೀ. ಮುಂದಿದೆ, ರೀಲು ಬೆರಳಿನಿಂದ 20 ಸೆಂ.ಮೀ. ಹಿಂದಿದೆ. ಆಗ 120ನ್ನು 30ರಿಂದ ಗುಣಿಸಿದರೆ 3600. ಅದನ್ನು 20ರಿಂದ ಭಾಗಿಸಿದರೆ 180. ದಾರವೂ ಸೇರಿ ರೀಲು 180 ಗ್ರಾಂ ಇದ್ದರೆ ಸರಿದೂಗುತ್ತದೆ. ರೀಲು ಕೋಲಿನ ಒಂದೂವರೆ ಪಟ್ಟು ತೂಗಬೇಕು ಎಂದು ಹಳಬರು ಹೇಳುತ್ತಿದ್ದ ಮಾತಿಗೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ.

ಹೊಸ ಕಾಲದ ರೀಲುಗಳಲ್ಲಿ ಹಲವು ಕೇವಲ 100 ಗ್ರಾಂ ತೂಗುತ್ತವೆ. ಹಗುರವಾದಷ್ಟೂ ಒಳ್ಳೆಯದು ಎಂದುಕೊಂಡು ಅದನ್ನು ತಂದರೆ ಕೋಲಿನ ತುದಿ ಸದಾ ನೆಲಕ್ಕೆ ಬಾಗುತ್ತದೆ. ಅದನ್ನು ಎತ್ತಿ ಹಿಡಿದೂ ಹಿಡಿದೂ ಮಣಿಕಟ್ಟು ಸೋಲುತ್ತದೆ. ಭಾರವಾದ ರೀಲಿನಿಂದ ಬೇರೆ ತೊಂದರೆ. ಇಂಗ್ಲೆಂಡಿನ ಆ್ಯನಿಕ್ ಊರಿನ ಹಾರ್ಡಿ ಕಂಪೆನಿ 1890ರ ದಶಕದ ಆರಂಭದಿಂದ ತಯಾರಿಸಿದ ‘ಪರ್ಫೆಕ್ಟ್’ ರೀಲು ಸಂಗ್ರಹಕಾರರ ಕಣ್ಮಣಿ. ಗುಂಡುಗಳ ಬೇರಿಂಗ್ ಮೇಲೆ ತಿರುಗುವ ಅದು ನೋಡಲು ಅಂದ, ಬಳಸಲು ಗಟ್ಟಿ. ಆದರೆ ಅದರ ದೊಡ್ಡ ಅಳತೆಯ ರೀಲನ್ನು 7 ಅಡಿಯ ಹಗುರ ಕೋಲಿಗೆ ಸಿಕ್ಕಿಸಿದರೆ ಬುಡ ಜಗ್ಗುತ್ತದೆ, ತುದಿಯ ನವಿರಾದ ಚಲನೆ ಕೈಗೆ ತಿಳಿಯುವುದಿಲ್ಲ. ಹೆಸರಾಂತ ರೀಲು ಬೇರೆ, ತಕ್ಕ ರೀಲು ಬೇರೆ. ಅಮೆರಿಕದ ಆ್ಯಕ್ರನ್ ನಗರದ ಫ್ಲೂಗರ್ ಕಂಪೆನಿಯ ‘ಮೆಡಲಿಸ್ಟ್’ ಸಾಮಾನ್ಯರ ಜೇಬಿಗೆ ಎಟಕುತ್ತಿದ್ದ ರೀಲು. ಎಷ್ಟೋ ಒಳ್ಳೆಯ ಬಿದಿರ ಕೋಲುಗಳು ಅದರ ಜೊತೆಯಲ್ಲೇ ಬಾಳಿವೆ.

ಟಿಕ್ ಟಿಕ್ ಸದ್ದೇಕೆ?

ಹಳೆಯ ರೀಲುಗಳಲ್ಲಿ ಹಲ್ಲುಚಕ್ರಕ್ಕೆ ಸ್ಪ್ರಿಂಗು ಒತ್ತಿ ಹಿಡಿದ ಪುಟ್ಟ ನಾಲಿಗೆಯೊಂದು ತಾಗಿಕೊಂಡಿರುತ್ತದೆ. ಮೀನು ದಾರ ಎಳೆದಾಗ ಟಿಕ್ ಟಿಕ್ ಸದ್ದು ಹೊರಡುವುದು ಇದರಿಂದ. ಸದ್ದು ಮುಖ್ಯವಲ್ಲ. ರೀಲು ತಡೆಯಿಲ್ಲದೆ ತಿರುಗಿ ದಾರ ಸಿಕ್ಕುಗಟ್ಟದಂತೆ ನೋಡಿಕೊಳ್ಳುವುದು ಈ ನಾಲಿಗೆಯ ಕೆಲಸ. ಇಂದಿನ ದೊಡ್ಡ ರೀಲುಗಳಲ್ಲಿ ಸಮುದ್ರದ ಮೀನನ್ನೂ ನಿಲ್ಲಿಸಬಲ್ಲ ಬಿಗಿಯಾದ ಬ್ರೇಕು ಇರುತ್ತದೆ. ತೊರೆಯ ಟ್ರೌಟಿಗೆ ಅದರ ಅಗತ್ಯವಿಲ್ಲ. ಬ್ರೇಕನ್ನು ಪೂರ್ತಿ ಬಿಗಿ ಮಾಡಿಬಿಟ್ಟರೆ ಎಳೆತದ ಹೊರೆಯೆಲ್ಲ ಹಳೆಯ ಬಿದಿರಿನ ಮೇಲೆ ಬೀಳುತ್ತದೆ.

ಕಡೆಯದಾಗಿ ರೀಲಿನ ಪಾದ. ಹಳೆಯ ಕೋಲುಗಳಲ್ಲಿ ರೀಲನ್ನು ಹಿಡಿದಿಡುವುದು ಎರಡು ತೆಳು ಲೋಹದ ಬಳೆಗಳು. ಹೊಸ ರೀಲಿನ ಪಾದ ದಪ್ಪವಾಗಿದ್ದರೆ ಬಳೆಯೊಳಗೆ ಹೋಗದು. ಆಗ ಅರ ಹಿಡಿದು ಉಜ್ಜಲು ಕೈ ತುರಿಸುತ್ತದೆ. ಉಜ್ಜಬಾರದು. ಬಳೆಯನ್ನು ಬಲವಂತದಿಂದ ಹಿಗ್ಗಿಸಲೂಬಾರದು. ಒಮ್ಮೆ ಉಜ್ಜಿದ ಲೋಹವನ್ನು ಮರಳಿ ತರಲಾಗದು. ಪಾದ ಹೊಂದದಿದ್ದರೆ ಬೇರೆ ರೀಲು ಹುಡುಕುವುದೇ ಸರಿ. ತಿರುಗಿಸುವ ಹಿಡಿಕೆ ಯಾವ ಕೈಗೆ ಎಂಬುದನ್ನೂ ಕೇಳಿ ತಿಳಿಯಬೇಕು. ಎಷ್ಟೋ ಹಳೆಯ ರೀಲುಗಳನ್ನು ಎಡಗೈಗೆ ಬದಲಾಯಿಸಲು ಬರುವುದಿಲ್ಲ.

ಇಷ್ಟೆಲ್ಲ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಕೋಲನ್ನು ಜೋಡಿಸಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಡೊಂಕಿದೆಯೇ ಪರೀಕ್ಷಿಸಿ. ಪಟ್ಟಿಗಳ ನಡುವೆ ಬಿರುಕಿದ್ದರೆ ರೀಲಿನ ಮಾತು ಆಮೇಲೆ, ಮೊದಲು ರಿಪೇರಿ. ಕೋಲು ಗಟ್ಟಿಯಾಗಿದ್ದರೆ ರೀಲು ಕೂರುವ ಜಾಗಕ್ಕೆ ಪುಟ್ಟ ಚೀಲ ಕಟ್ಟಿ ಸ್ವಲ್ಪ ಸ್ವಲ್ಪವಾಗಿ ಮರಳು ಹಾಕುತ್ತ ಬನ್ನಿ. ಹಿಡಿಯ ಕೆಳಗಿನ ಬೆರಳಿನ ಮೇಲೆ ಕೋಲು ಸಮವಾಗಿ ನಿಂತಾಗ ಚೀಲವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಅದರಲ್ಲಿ ದಾರದ ತೂಕವೆಂದು 25ರಿಂದ 30 ಗ್ರಾಂ ಕಳೆದರೆ ಉಳಿದದ್ದೇ ಕೊಳ್ಳಬೇಕಾದ ರೀಲಿನ ತೂಕ. ಮಕ್ಕಳು ಮಾಡಬಹುದಾದ ಲೆಕ್ಕವಿದು. ಬೆಲೆಪಟ್ಟಿ ನೋಡುವ ಮೊದಲು ದೊಡ್ಡವರೂ ಒಮ್ಮೆ ಮಾಡಿ ನೋಡಬಹುದು.